ಮೂರೂ ಮನೆಗೆ ಸಲ್ಲುವ ಡ್ರೈವ್

ವಿಂಡೋಸ್ ಲ್ಯಾಪ್‌ಟಾಪ್‌ನ ಬ್ಯಾಕಪ್ ಇರುವ ಹಾರ್ಡ್‌ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ ಫೈಲುಗಳೆಲ್ಲ ತೆರೆಯುತ್ತವೆ. ಹೊಸದೊಂದನ್ನು ಸೇರಿಸಲು ಮಾತ್ರ ಬಿಡುವುದಿಲ್ಲ. ಡಿಸ್ಕ್ ಕೆಟ್ಟಿಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯನ್ನು (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮವನ್ನು) ಮ್ಯಾಕ್ ಓದುತ್ತದೆಯೇ ಹೊರತು ಅದಕ್ಕೆ ಬರೆಯುವುದಿಲ್ಲ. ಇನ್ನು ಮ್ಯಾಕ್‌ನ ಎಪಿಎಫ್‌ಎಸ್, ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕ್ ಹಾಕಿದರೆ ವಿಂಡೋಸ್‌ಗೆ ಗುರುತೇ ಸಿಗುವುದಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿಬಿಡುತ್ತದೆ. ಅವಸರದಲ್ಲಿ ಒಪ್ಪಿಕೊಂಡರೆ ವರ್ಷಗಳ ಫೋಟೊಗಳು ಕೈತಪ್ಪಿದಂತೆಯೇ.

ಎಲ್ಲರೂ ಒಪ್ಪಿದ್ದ ಹಳೆಯ ವ್ಯವಸ್ಥೆಯೆಂದರೆ ಫ್ಲಾಪಿ ಕಾಲದ ಫ್ಯಾಟ್. 1996ರಲ್ಲಿ ಬಂದ ಅದರ ಫ್ಯಾಟ್32 ರೂಪ ಪ್ರತಿ ಫೈಲಿನ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಡುತ್ತದೆ. ಆ ಲೆಕ್ಕ 4 ಜಿಬಿಗೆ ಮುಗಿಯುತ್ತದೆ. ಆಗ ಅಷ್ಟು ದೊಡ್ಡ ಫೈಲ್ ಯಾರ ಬಳಿ ಇತ್ತು? ಎಚ್‌ಡಿ ವಿಡಿಯೊ ಬಂದ ಮೇಲೆ ಡ್ರೈವ್ ಅರ್ಧಕ್ಕರ್ಧ ಖಾಲಿಯಿದ್ದರೂ ಮದುವೆಯ ವಿಡಿಯೊ ಕಾಪಿ ಆಗದು, ಫೈಲ್ ತೀರಾ ದೊಡ್ಡದು ಎಂಬ ಸಂದೇಶ ಬಂತೆಂದೇ ಲೆಕ್ಕ.

ಇದಕ್ಕೆ ಮೈಕ್ರೋಸಾಫ್ಟ್ 2006ರಲ್ಲಿ ತಂದ ಉತ್ತರ ಎಕ್ಸ್‌ಫ್ಯಾಟ್. ಗಾತ್ರಕ್ಕೆ 64 ಬಿಟ್, ಸರಳ ರಚನೆ. 2009ರಲ್ಲಿ ಎಸ್‌ಡಿಎಕ್ಸ್‌ಸಿ ಮೆಮೊರಿ ಕಾರ್ಡುಗಳಿಗೆ ಇದೇ ನಿಗದಿಯಾಯಿತು; 2010ರಲ್ಲಿ ಆ್ಯಪಲ್ ತನ್ನ ಸ್ನೋ ಲೆಪರ್ಡ್‌ಗೆ ಸೇರಿಸಿಕೊಂಡಿತು. ಹೊರಗುಳಿದದ್ದು ಲಿನಕ್ಸ್ ಮಾತ್ರ.

ಅಡ್ಡಿಯಾದದ್ದು ಪೇಟೆಂಟ್. ಎಕ್ಸ್‌ಫ್ಯಾಟ್ ಬಳಸಲು ಮೈಕ್ರೋಸಾಫ್ಟ್‌ನಿಂದ ಪರವಾನಗಿ ಪಡೆಯಬೇಕಿತ್ತು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಲಿನಕ್ಸ್‌ಗೆ ಅದು ಹೊಂದುವಂಥದ್ದಲ್ಲ. ಭಯ ಸುಮ್ಮನೆ ಹುಟ್ಟಿದ್ದೂ ಅಲ್ಲ: ಹಳೆಯ ಫ್ಯಾಟ್‌ನ ಪೇಟೆಂಟ್‌ಗಳನ್ನೂ ಮುಂದಿಟ್ಟು ಮೈಕ್ರೋಸಾಫ್ಟ್ 2009ರಲ್ಲಿ, ಲಿನಕ್ಸ್ ಬಳಸುತ್ತಿದ್ದ ಟಾಮ್‌ಟಾಮ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತ್ತು. 2013ರಲ್ಲಿ ಸ್ಯಾಮ್‌ಸಂಗ್ ತನ್ನ ಎಕ್ಸ್‌ಫ್ಯಾಟ್ ಕೋಡನ್ನು ಮುಕ್ತವಾಗಿ ಬಿಟ್ಟಾಗಲೂ ಅದಕ್ಕೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಜಾಗ ಸಿಗಲಿಲ್ಲ. ಕಡೆಗೆ 2019ರ ಆಗಸ್ಟ್ 28ರಂದು ಮೈಕ್ರೋಸಾಫ್ಟೇ ತಾಂತ್ರಿಕ ವಿವರಗಳನ್ನು ಪ್ರಕಟಿಸಿ, ಲಿನಕ್ಸ್‌ಗೆ ಸೇರಿಸಿಕೊಳ್ಳಿ ಎಂದಿತು. 2020ರ ಮೇ ತಿಂಗಳಲ್ಲಿ ಬಂದ ಕರ್ನಲ್‌ನ 5.7 ಆವೃತ್ತಿಯಲ್ಲಿ ಸ್ಯಾಮ್‌ಸಂಗ್‌ನ ಹೊಸ ಡ್ರೈವರ್ ನೆಲೆಯೂರಿತು. ತಂತ್ರಜ್ಞಾನ 2006ರಲ್ಲೇ ಸಿದ್ಧವಿತ್ತು. ನಡುವಿನ 13 ವರ್ಷಗಳನ್ನು ನುಂಗಿದ್ದು ಹಕ್ಕಿನ ತಕರಾರು. ಬಳಕೆದಾರರಿಗೆ ಆದ ಅನ್ಯಾಯವಿದು.

ಈಗ ಮೂರೂ ಕಡೆ ನಡೆಯುವ ಎಕ್ಸ್‌ಫ್ಯಾಟ್‌ಗೆ ಕೊರತೆಗಳೂ ಇವೆ. ಅದರಲ್ಲಿ ಜರ್ನಲಿಂಗ್ ಇಲ್ಲ, ಅಂದರೆ ಬರೆಯುವ ಮುನ್ನ ಬದಲಾವಣೆಯನ್ನು ದಾಖಲಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಕಾಪಿ ಆಗುತ್ತಿರುವಾಗ ಕೇಬಲ್ ಕಿತ್ತರೆ ಫೋಲ್ಡರುಗಳೇ ಹಾಳಾಗಬಹುದು. ಲಿನಕ್ಸ್ ಫೈಲುಗಳ ಒಡೆತನ, ಅನುಮತಿಗಳೂ ಅದರಲ್ಲಿ ಉಳಿಯುವುದಿಲ್ಲ. ಮ್ಯಾಕ್‌ನ ಟೈಮ್ ಮಷೀನ್ ಬ್ಯಾಕಪ್ ಕೂಡ ಅದರ ಮೇಲೆ ಆಗದು; ಬೇಕಿದ್ದರೆ ಡಿಸ್ಕಿನಲ್ಲಿ ಅದಕ್ಕೊಂದು ಬೇರೆ ಪಾರ್ಟಿಷನ್ ಮಾಡಿಕೊಳ್ಳಿ. ಪ್ರತಿ ಸಲವೂ ಇಜೆಕ್ಟ್ ಮಾಡಿಯೇ ಡ್ರೈವ್ ತೆಗೆಯಿರಿ. ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.