ಹಸ್ತಲಾಘವ: ಟೇಬಲ್ ಟೆನ್ನಿಸ್ ಬ್ಯಾಟು ಹಿಡಿಯುವ ಬಗೆ

ಯಾವ ವಿದ್ಯೆಗಾದರೂ ಅದರದೇ ಆದ ಒಂದು ಕೈಹಿಡಿತವುಂಟು. ಬಳಪವನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದ ಮಗುವಿನ ಅಕ್ಷರ ದುಂಡಗಾಗುವುದಿಲ್ಲ. ಅದೇ ಹಿಡಿತ ಎರಡು ವರುಷ ನಿಂತುಹೋಯಿತೆಂದರೆ ತಿದ್ದುವುದು ಮಾಸ್ತರರಿಗೂ ಕಷ್ಟ, ಮಗುವಿಗೂ ಕಷ್ಟ. ಟೇಬಲ್ ಟೆನ್ನಿಸ್ ಆಟದ ಮಾತೂ ಹಾಗೆಯೇ. ಬೀದರ, ಭಾಲ್ಕಿ, ಔರಾದಗಳಂಥ ಊರುಗಳಲ್ಲಿ ಮಗುವಿನ ಕೈಗೆ ಮೊದಲು ಬ್ಯಾಟು ಕೊಡುವವರು ಅನೇಕ ವೇಳೆ ಅಣ್ಣನೋ, ಸೋದರಮಾವನೋ, ಶಾಲೆಯ ಮಾಸ್ತರರೋ ಆಗಿರುತ್ತಾರೆ. ಆದುದರಿಂದ ಹಿಡಿತದ ಮೊದಲ ಪಾಠ ಮನೆಯ ಹಿರಿಯರಿಗೂ ತಿಳಿದಿರುವುದು ಮೇಲು.

ಮೊದಲು ಚೆಂಡನ್ನು ನೋಡಿರಿ. ಅದರ ಅಡ್ಡಳತೆ 40 ಮಿಲಿಮೀಟರು, ತೂಕ 2.7 ಗ್ರಾಂ ಮಾತ್ರ. ಇಷ್ಟು ಹಗುರವಾದ ಚೆಂಡಿಗೆ ತೋಳಿನ ಬಲವೇಕೆ? ಬೇಕಾದುದು ಮಣಿಕಟ್ಟಿನ ಬಳುಕು. ಬ್ಯಾಟಿನ ರಬ್ಬರು ಸವರಿಕೊಂಡು ಹೋದಾಗ ಚೆಂಡು ಬುಗುರಿಯಂತೆ ಗಿರ್ರನೆ ತಿರುಗುತ್ತದೆ; ಆ ತಿರುಗುವಿಕೆಯೇ ಈ ಆಟದ ಜೀವಾಳ. ಹಿಡಿತ ಬಿಗಿಯಾದರೆ ಮಣಿಕಟ್ಟು ಮರಗಟ್ಟುತ್ತದೆ. ಸವರುವುದು ಹೋಗಿ ಬರಿಯ ಹೊಡೆತ ಉಳಿಯುತ್ತದೆ. ನಮ್ಮ ಬಿದರಿ ಕೆಲಸಗಾರರು ಉಳಿಯಿಂದ ಬಳ್ಳಿಯ ಗೆರೆ ಕೆತ್ತುವುದನ್ನು ನೀವು ಕಂಡಿರಬಹುದು. ಉಳಿ ಬೆರಳಿನ ಮಾತು ಕೇಳುವಂತಿದ್ದರೆ ಮಾತ್ರ ಗೆರೆ ಬಳುಕುತ್ತದೆ.

ಬ್ಯಾಟನ್ನು ಹಿಡಿಯಲು ಇಂದು ಹೆಚ್ಚು ಬಳಕೆಯಲ್ಲಿರುವ ಕ್ರಮ ಕೈಕುಲುಕುವ ಕ್ರಮ. ಕೈಕುಲುಕುವುದನ್ನು ನಾವು ಹಸ್ತಲಾಘವವೆನ್ನುತ್ತೇವೆ. ಲಾಘವವೆಂದರೆ ಹಗುರ, ಚುರುಕು. ಇಡೀ ಪಾಠ ಆ ಒಂದು ಪದದಲ್ಲಿಯೇ ಅಡಗಿದೆ.

ಬಂದ ನೆಂಟರಿಗೆ ಕೈಚಾಚುವಂತೆ ಕೈಯನ್ನು ಮುಂದೆ ಚಾಚಿರಿ. ಬ್ಯಾಟಿನ ಅಂಚು ಮೇಲಕ್ಕಿರುವಂತೆ ಅದರ ಹಿಡಿಯನ್ನು ಅಂಗೈಯಲ್ಲಿಡಿರಿ. ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಈ ಮೂರೂ ಹಿಡಿಯನ್ನು ಮೆಲ್ಲಗೆ ಸುತ್ತಲಿ. ಹೆಬ್ಬೆರಳು ತುಸು ಮಡಿದು ಅಂಗೈ ನೋಡುವ ಕಡೆಯ ಮುಖದ ಬುಡದಲ್ಲಿರಲಿ. ತೋರುಬೆರಳು ಹಿಂದಿನ ಮುಖದ ಕೆಳ ಅಂಚಿನಗುಂಟ ಒರಗಲಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಸಂದಿಗೆ ನೇರವಾಗಿ ಬ್ಯಾಟಿನ ಅಂಚು ಬರಬೇಕು. ಬ್ಯಾಟು ಮುಂಗೈಯ ಮುಂದುವರಿಕೆಯಂತೆ ಕಾಣಬೇಕು. ಜೋಲುಬೀಳಬಾರದು, ಸೆಟೆದು ನಿಲ್ಲಲೂಬಾರದು.

ಬಿಗಿ ಎಷ್ಟಿರಬೇಕೆಂದು ಕೇಳುವಿರಾ? ಇನ್ನೊಬ್ಬರು ಮೆಲ್ಲಗೆ ಎಳೆದರೆ ಬ್ಯಾಟು ಕೈಯಿಂದ ಜಾರಬೇಕು, ತಾನಾಗಿ ಬೀಳಬಾರದು. ಚೆಂಡು ತಾಗುವ ಕ್ಷಣದಲ್ಲಿ ಮಾತ್ರ ಬೆರಳು ಬಿಗಿದು, ಮರುಕ್ಷಣ ಸಡಿಲಬೇಕು.

ಕಲಿಯುವವರಲ್ಲಿ ಮೂರು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ತೋರುಬೆರಳನ್ನು ಬ್ಯಾಟಿನ ನಟ್ಟನಡುವೆ ಚಾಚುವುದು ಮೊದಲನೆಯದು. ಇದರಿಂದ ಮಣಿಕಟ್ಟು ಕಟ್ಟಿಹಾಕಿದಂತಾಗುತ್ತದೆ. ಸುತ್ತಿಗೆಯಂತೆ ಐದೂ ಬೆರಳುಗಳಿಂದ ಮುಷ್ಟಿಕಟ್ಟುವುದು ಎರಡನೆಯದು. ಎಡಬದಿಗೊಂದು ಹಿಡಿತ, ಬಲಬದಿಗೊಂದು ಹಿಡಿತವೆಂದು ಹೊಡೆತಕ್ಕೊಮ್ಮೆ ಬದಲಿಸುವುದು ಮೂರನೆಯದು. ಮೇಜಿನ ಉದ್ದ 274 ಸೆಂಟಿಮೀಟರು. ಅಷ್ಟನ್ನು ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿರುತ್ತದೆ. ಹಿಡಿತ ಬದಲಿಸಲು ಸಮಯವೆಲ್ಲಿ?

ಲೇಖನಿ ಹಿಡಿದಂತೆ ಹಿಡಿಯುವ ಇನ್ನೊಂದು ಕ್ರಮವೂ ಉಂಟು. ಚೀನ, ಜಪಾನುಗಳಲ್ಲಿ ಇದು ಬಹುಕಾಲ ಬಳಕೆಯಲ್ಲಿತ್ತು. 1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಜಪಾನಿನ ಹಿರೋಜಿ ಸಾತೋ ದಪ್ಪ ಸ್ಪಂಜಿನ ಬ್ಯಾಟನ್ನು ಈ ಬಗೆಯಲ್ಲಿ ಹಿಡಿದು ಗೆದ್ದನು. 2008ರ ಒಲಿಂಪಿಕ್ಸಿನಲ್ಲಿ ಪುರುಷರ ಸಿಂಗಲ್ಸ್ ಗೆದ್ದ ಚೀನದ ಮಾ ಲಿನ್ ಕೂಡ ಲೇಖನಿಯ ಹಿಡಿತದವನೇ. ಅಲ್ಲಿಂದೀಚೆಗೆ 2024ರವರೆಗೆ ಆ ಪದಕ ಪಡೆದವರೆಲ್ಲ ಹಸ್ತಲಾಘವದ ಹಿಡಿತದವರು. 2024ರಲ್ಲಿ ಪ್ಯಾರಿಸಿನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್ ಮುಟ್ಟಿದಾಗ ಅದರಲ್ಲಿದ್ದ ಬೆಂಗಳೂರಿನ ಅರ್ಚನಾ ಕಾಮತ್ ಅವರದೂ ಇದೇ ಹಿಡಿತ. ಹೊಸದಾಗಿ ಕಲಿಯುವವರಿಗೆ ಎರಡೂ ಬದಿಯ ಹೊಡೆತ ಸುಲಭವಾಗಿ ಒಲಿಯುವುದು ಇದರಿಂದಲೇ.

ತಾಯಿತಂದೆಗಳಲ್ಲಿ ವಿಶೇಷವಾಗಿ ಅರಿಕೆಮಾಡಬೇಕಾದ ಮಾತೊಂದಿದೆ. ನಿಮ್ಮ ಮಗು ಎಡಚನಾಗಿದ್ದರೆ ಬ್ಯಾಟನ್ನು ಬಲಗೈಗೆ ಬಲವಂತವಾಗಿ ಕೊಡಬೇಡಿರಿ. ಊಟಕ್ಕೆ, ಕೊಡುಕೊಳ್ಳುವುದಕ್ಕೆ ನಮ್ಮಲ್ಲಿ ಬಲಗೈಯ ನಿಯಮವಿದೆ. ಆಟದ ಮೇಜಿಗೆ ಅದು ಸಲ್ಲದು. ಎಡಗೈಯವರ ಚೆಂಡು ಬರುವ ಓರೆ ಬೇರೆಯಾದುದರಿಂದ ಎದುರಾಳಿ ತಬ್ಬಿಬ್ಬಾಗುವುದುಂಟು. 2016ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಚೀನದ ತಂಡದಲ್ಲಿದ್ದ ಷು ಷಿನ್, ಜರ್ಮನಿಯ ಟಿಮೊ ಬೋಲ್ ಇಬ್ಬರೂ ಎಡಗೈ ಆಟಗಾರರು. ಮಗು ಕೆಳಗೆ ಬಿದ್ದ ಚೆಂಡನ್ನು ತಾನಾಗಿ ಯಾವ ಕೈಯಿಂದ ಎತ್ತುವುದೋ, ಎಸೆಯುವುದೋ ಗಮನಿಸಿ, ಆ ಕೈಗೇ ಬ್ಯಾಟು ಕೊಡಿರಿ.

ಅಭ್ಯಾಸಕ್ಕೆ ಮೇಜು ಇರಲೇಬೇಕೆಂದಿಲ್ಲ. ಅಂಗೈ ಮೇಲ್ಮುಖವಾಗಿ ಹಿಡಿದು ಬ್ಯಾಟಿನ ಮೇಲೆ ಚೆಂಡನ್ನು ಇಪ್ಪತ್ತು ಸಲ ಪುಟಿಸಲಿ. ಅನಂತರ ಕೈ ಮಗುಚಿ ಇನ್ನೊಂದು ಮುಖದಿಂದ ಇಪ್ಪತ್ತು ಸಲ. ಬೆರಳುಗಳು ಮಾತ್ರ ಇದ್ದ ಕಡೆಯೇ ಇರಲಿ. ದಿನಕ್ಕೆ ಹತ್ತು ನಿಮಿಷ, ಒಂದು ತಿಂಗಳು ಹೀಗೆ ಮಾಡಿದರೆ ಕೈ ತಾನೇ ತನ್ನ ಜಾಗ ಕಂಡುಕೊಳ್ಳುತ್ತದೆ. ಅಂಕ ಎಣಿಸಿ ಆಡುವ ಆಟ ಆಮೇಲೆ ಬರಲಿ.