ಎಸ್‌ಟಿಟಿವೈ (ಯುನಿಕ್ಸ್ ಆದೇಶ)

ಎಸ್‌ಟಿಟಿವೈ ಎಂಬುದು ಯುನಿಕ್ಸ್ ಹಾಗೂ ಅದನ್ನು ಹೋಲುವ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಟರ್ಮಿನಲ್‌ನ ಸೀರಿಯಲ್ ಸಂಪರ್ಕದ ಹೊಂದಾಣಿಕೆಗಳನ್ನು ತೋರಿಸುವ ಮತ್ತು ಬದಲಾಯಿಸುವ ಆದೇಶವಾಗಿದೆ. ಹೆಸರಿನಲ್ಲಿರುವ 'ಟಿಟಿವೈ' ಎಂಬುದು ಟೆಲಿಟೈಪ್ ಯಂತ್ರವನ್ನು ಸೂಚಿಸುತ್ತದೆ. ಪಾಸಿಕ್ಸ್ ಮಾನಕವು ಈ ಆದೇಶವನ್ನು ಒಳಗೊಂಡಿದೆ.

ಸಂಪರ್ಕದ ಹೊಂದಾಣಿಕೆ

ಟರ್ಮಿನಲ್ ಮತ್ತು ಗಣಕಗಳ ನಡುವಿನ ಸೀರಿಯಲ್ ತಂತಿಯಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಗಡಿಯಾರ ಸಂಕೇತವಿರುವುದಿಲ್ಲ. ಆದ್ದರಿಂದ ವೇಗ, ದತ್ತಾಂಶ ಬಿಟ್‌ಗಳ ಸಂಖ್ಯೆ, ಪ್ಯಾರಿಟಿ ಮತ್ತು ಸ್ಟಾಪ್ ಬಿಟ್‌ಗಳನ್ನು ಎರಡೂ ತುದಿಗಳಲ್ಲಿ ಮೊದಲೇ ಒಂದೇ ರೀತಿ ನಿಗದಿಪಡಿಸಬೇಕಾಗುತ್ತದೆ. ಉದಾಹರಣೆಗೆ, ವೇಗವು ಸೆಕೆಂಡಿಗೆ 9600 ಬಿಟ್ ಆಗಿದ್ದು, 8 ದತ್ತಾಂಶ ಬಿಟ್ ಹಾಗೂ 1 ಸ್ಟಾಪ್ ಬಿಟ್ ಇದ್ದು, ಪ್ಯಾರಿಟಿ ಇಲ್ಲದಿದ್ದರೆ, ಸ್ಟಾರ್ಟ್ ಬಿಟ್ ಸೇರಿ ಪ್ರತಿ ಅಕ್ಷರಕ್ಕೆ 10 ಬಿಟ್‌ಗಳು ಬೇಕು. ಅಂದರೆ ಸೆಕೆಂಡಿಗೆ ಗರಿಷ್ಠ 960 ಅಕ್ಷರಗಳು ಸಾಗುತ್ತವೆ. ವೇಗಗಳು ಹೊಂದದಿದ್ದರೆ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.

ಟರ್ಮಿನಲ್‌ನ ವರ್ತನೆ

ಒತ್ತಿದ ಅಕ್ಷರವನ್ನು ಪರದೆಗೆ ಮರಳಿಸುವ 'ಎಕೋ' ಗುಣವನ್ನೂ ಈ ಆದೇಶವು ನಿಯಂತ್ರಿಸುತ್ತದೆ. ಗುಪ್ತಪದ ಕೇಳುವಾಗ ಇದನ್ನು ನಿಲ್ಲಿಸಲಾಗುತ್ತದೆ. ಸಾಮಾನ್ಯವಾಗಿ ಕಂಟ್ರೋಲ್-ಸಿ ಕೀಲಿಯು ಕ್ರಮವಿಧಿಗೆ ತಡೆಯ ಸಂಕೇತ ಕಳುಹಿಸುತ್ತದೆ, ಕಂಟ್ರೋಲ್-ಎಸ್ ಮುದ್ರಣವನ್ನು ತಡೆಹಿಡಿಯುತ್ತದೆ, ಕಂಟ್ರೋಲ್-ಕ್ಯೂ ಅದನ್ನು ಮುಂದುವರಿಸುತ್ತದೆ. ಕ್ರಮವಿಧಿಯೊಂದು ಅರ್ಧದಲ್ಲಿ ನಿಂತು ಟರ್ಮಿನಲ್ ಅಸ್ತವ್ಯಸ್ತಗೊಂಡಾಗ 'ಎಸ್‌ಟಿಟಿವೈ ಸೇನ್' ಎಂಬ ಆದೇಶವು ರೂಢಿಯ ಹೊಂದಾಣಿಕೆಗಳನ್ನು ಮರುಸ್ಥಾಪಿಸುತ್ತದೆ. ಆಗ ಬೆರಳಚ್ಚಿಸಿದ್ದು ಕಾಣದಿರಬಹುದು. ಎಂಟರ್ ಕೀಲಿ ಫಲಿಸದಿದ್ದರೆ ಕಂಟ್ರೋಲ್-ಜೆ ಒತ್ತಬೇಕು.

ಇಂದಿನ ಬಳಕೆ

ಇಂದಿನ ಟರ್ಮಿನಲ್ ಕಿಟಕಿಗಳ ಹಿಂದೆ ನಿಜವಾದ ತಂತಿಯಿಲ್ಲದ ಕಾರಣ ಅಲ್ಲಿ ವೇಗದ ಹೊಂದಾಣಿಕೆಯಿಂದ ಪರಿಣಾಮವಿಲ್ಲ. ಆದರೆ ರೌಟರ್‌ಗಳ ಕನ್ಸೋಲ್ ಪೋರ್ಟ್ ಮತ್ತು ಮೈಕ್ರೋಕಂಟ್ರೋಲರ್ ಫಲಕಗಳೊಂದಿಗೆ ವ್ಯವಹರಿಸುವಾಗ ಅದು ಈಗಲೂ ಅಗತ್ಯ.