ಹಂದಿಮರಿಗೆ ಸೋಯಾ: ಮೆಲ್ಲಗೆ ರೂಢಿ ಮಾಡಿಸಿ

ಹಾಲು ಬಿಡಿಸಿದ ವಾರದೊಳಗೆ ಹಂದಿಮರಿಗಳಿಗೆ ಭೇದಿ ಶುರುವಾಯಿತೇ? ತಿನಿಸಿನ ಸೋಯಾವನ್ನೂ ಒಮ್ಮೆ ಗಮನಿಸಿ. ಹಸಿ ಸೋಯಾಕಾಳಿನಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವಿದೆ. ಚೆನ್ನಾಗಿ ಬೇಯಿಸಿದರೆ ಬಹುಪಾಲು ನಾಶ. ಹಾಗಾಗಿ ಹಸಿ ಕಾಳು ಬೇಡವೇ ಬೇಡ.

ಬಿಸಿ ಮಾಡಿದ ಹಿಂಡಿಯೂ ಎಳೆ ಕರುಳಿಗೆ ಹೊಸತು. ಅದರ ಕೆಲವು ಪ್ರೋಟೀನುಗಳನ್ನು ಮರಿಯ ದೇಹ ವೈರಿಯೆಂದೇ ತಿಳಿಯುತ್ತದೆ. ಕರುಳಿನೊಳಗೆ ಸಾರ ಹೀರುವ ಸಣ್ಣ ಎಳೆಗಳು ಮೊಟಕಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ಸಮಾಧಾನವೆಂದರೆ, ಇದು ತಾತ್ಕಾಲಿಕ. ತಿನ್ನುತ್ತಾ ಹೋದಂತೆ ಒಗ್ಗುತ್ತದೆ.

8 ವಾರಕ್ಕೆ ಹಾಲು ಬಿಡಿಸುವವರು 2ನೇ ವಾರದಿಂದಲೇ ಸೋಯಾ ಬೆರೆಸಿದ ತಿನಿಸು ಇಡಿ. ಬರೀ ನೆಕ್ಕಿದರೆ ಸಾಲದು, ತಿನ್ನಬೇಕು. ಬಿಡಿಸಿದ ಮೇಲೆ ಹಾಲಿನಪುಡಿ, ಮೀನುಪುಡಿ ಸ್ವಲ್ಪ ಇರಲಿ. ಸೋಯಾ ಮೆಲ್ಲಗೆ ಏರಲಿ. ಭೇದಿ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ, ಕಾರಣ ಬೇರೆಯೂ ಇದ್ದೀತು.

ಅಗ್ಗವೆಂದು ಮೊದಲ ದಿನವೇ ಸೋಯಾ ಸುರಿದರೆ, ಉಳಿಸಿದ ದುಡ್ಡು ಮದ್ದಿಗೆ ಹೋದೀತು!